ಮಾವಶಿಯ ಕಾರಿನ ಬಲಗಡೆ ಗಾಜು

ಕಳೆದ ವಾರ ಆಫೀಸಿಗೆ ಹೊರಟಿದ್ದ ಬಾಡಿಗೆ ಕಾರಿನಲ್ಲಿ ಒಂದು ವಾಸನೆ ಬಂತು. ಬಿಸಿಯಾದ ರಬ್ಬರು, ಹಳೆಯ ಧೂಳು, ಅದರ ಹಿಂದೆ ಸಣ್ಣಗೆ ಸುಟ್ಟ ತಂತಿಯಂಥದ್ದು. ಪುಣೆಯ ವಿಮಾನ ನಗರದ ಸಿಗ್ನಲ್ಲಿನಲ್ಲಿ ಮಳೆ ಹನಿಯತೊಡಗಿದಾಗ ಚಾಲಕ ತನ್ನ ಕಿಟಕಿಯ ಗಾಜು ಏರಿಸಲು ಗುಂಡಿ ಎಳೆದಿದ್ದ. ಗಾಜು ನರಳುತ್ತ ಅರ್ಧಕ್ಕೆ ಬಂದು ನಿಂತಿತು. ಮತ್ತೆ ಎಳೆದ. ಬಾಗಿಲೊಳಗೆ ಎಲ್ಲೋ ಟಕ್ ಎಂದಿತು, ಅಷ್ಟೇ. "ಜುನೀ ಗಾಡೀ ಆಹೆ ಮ್ಯಾಡಮ್" ಎಂದು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. ಹಳೆಯ ಗಾಡಿ, ಏನು ಮಾಡುವುದು ಎಂಬ ನಗು. ಸಾಮಾನ್ಯವಾಗಿ ನಾನು ಚಾಲಕರೊಡನೆ ಮಾತಾಡುವವಳಲ್ಲ. ಅಂದು ಮಾತ್ರ ಮುಂದಕ್ಕೆ ಬಾಗಿ, ಇಳಿಸುವ ಕಡೆ ಒತ್ತಿದರೆ ಸದ್ದು ಬರುತ್ತದೆಯೇ ಎಂದು ಕೇಳಿದ್ದೆ. ಅವನಿಗೆ ಆಶ್ಚರ್ಯವಾಯಿತು. ನನಗೂ ಆಯಿತು. ಆ ಪ್ರಶ್ನೆಯನ್ನು ನಾನು ಹಿಂದೆ ಒಂದೇ ಸಲ ಕೇಳಿದ್ದು. ಬೇರೊಂದು ಕಾರಿನಲ್ಲಿ, ಮಾವಶಿಯನ್ನು…

ಮಾವಶಿ ನಮಗೆ ಸಂಬಂಧದಲ್ಲಿ ಏನೂ ಅಲ್ಲ. ನಾವು ವಡಗಾಂವ ಶೇರಿಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿದ್ದೆವು. ಅವರ ಮನೆ ನಮ್ಮ ಕೆಳಗೆ. ಅಪ್ಪ ವಿಜಯಪುರದವರು, ಸಾಗಾಣಿಕೆ ಕಂಪನಿಯೊಂದರಲ್ಲಿ ಗುಮಾಸ್ತರು. ಮಾವಶಿಯವರದು ಕಲಬುರಗಿಯ ಕಡೆ. ನಾವು ಆ ಮನೆಗೆ ಬಂದ ಹೊಸತರಲ್ಲೇ, ಅವ್ವನ ದೊಡ್ಡವ್ವನನ್ನು ಕೊಟ್ಟ ಊರೂ ಅವರ ತವರೂ ಒಂದೇ ಬಸ್ಸಿನ ದಾರಿಯಲ್ಲಿವೆ ಎಂಬುದು ಪತ್ತೆಯಾಯಿತು. ಪುಣೆಯಲ್ಲಿ ನೆಂಟಸ್ತನಕ್ಕೆ ಅಷ್ಟು ಸಾಕು. ಅಂದಿನಿಂದ ಅವರು ನನಗೆ ಮಾವಶಿ, ಅಂದರೆ ಚಿಕ್ಕಮ್ಮ; ಅವರ ಗಂಡ ಕಾಕಾ. ಅವರಿಗೆ ಮಕ್ಕಳಿರಲಿಲ್ಲ.

ಕಾಕಾ ಪುಣೆಗೆ ಬಂದದ್ದು ಗೌಂಡಿ ಕೆಲಸಕ್ಕೆ. ಎಷ್ಟೋ ಕಟ್ಟಡಗಳ ಗೋಡೆ ಎಬ್ಬಿಸಿ, ಕೊನೆಗೆ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಕಾಯಂ ಆದರು. ಆ ಬೂದು ಬಣ್ಣದ ಸಣ್ಣ ಕಾರು ಅವರು ಕೊಂಡಾಗಲೇ ಹಳೆಯದು. ಹಿಂದಿನ ಕಿಟಕಿಗಳಿಗೆ ಕೈಯಿಂದ ತಿರುಗಿಸುವ ಹಿಡಿಕೆ; ಮುಂದಿನ ಎರಡಕ್ಕೆ ಮಾತ್ರ ವಿದ್ಯುತ್ತಿನ ಗುಂಡಿ. ಆ ಗುಂಡಿಯ ಬಗ್ಗೆ ಕಾಕಾಗೆ ಹೇಳತೀರದ ಹೆಮ್ಮೆ. ಶಿಫ್ಟು ಮುಗಿಸಿ ಬಂದರೆ ಹಾರ್ನ್ ಹೊಡೆಯುತ್ತಿರಲಿಲ್ಲ. ಗೇಟಿನ ಮುಂದೆ ನಿಲ್ಲಿಸಿ, ಗಾಜು ನಿಧಾನಕ್ಕೆ ಇಳಿಸಿ, "ಏ, ಬಂದೆ ನೋಡು!" ಎಂದು ಕೂಗುತ್ತಿದ್ದರು.

"ಬಂದದ್ದು ಕಾಣಸ್ತದ್ರಿ. ಊರಿಗೆಲ್ಲಾ ಡಂಗುರ ಹೊಡೀಬ್ಯಾಡ್ರಿ" ಎಂದು ಮಾವಶಿ ಅಡುಗೆಮನೆಯಿಂದ ಕೂಗಿ ಹೇಳುತ್ತಿದ್ದರು. ಆದರೆ ಅಷ್ಟರಲ್ಲಿ ಚಹಾದ ನೀರು ಒಲೆಯ ಮೇಲೆ ಕುದಿಯುತ್ತಿರುತ್ತಿತ್ತು.

ನಾನು ಎಲೆಕ್ಟ್ರಾನಿಕ್ಸ್ ಎಂ.ಎಸ್‌ಸಿ. ಮೊದಲ ವರ್ಷದಲ್ಲಿದ್ದಾಗ ಕಾಕಾ ತೀರಿಕೊಂಡರು. ಎದೆನೋವು ಎಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತವರು ಏಳಲಿಲ್ಲ. ಕಾರನ್ನು ಅವರ ಜೊತೆ ಕೆಲಸ ಮಾಡುತ್ತಿದ್ದವರು ಯಾರೋ ತಂದು ಕಟ್ಟಡದ ಕೆಳಗೆ ನಿಲ್ಲಿಸಿ ಹೋದರು. ಅದು ಅಲ್ಲೇ ನಿಂತಿತು. ಮಾರಿಬಿಡಿ ಎಂದು ಎಲ್ಲರೂ ಹೇಳಿದರು. ಹದಿನೈದು ದಿನದ ಕಾರ್ಯಗಳೆಲ್ಲ ಮುಗಿದು ನೆಂಟರು ಊರಿಗೆ ಹೋದ ಮೇಲೆ ಮಾವಶಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿರದ ಡ್ರೈವಿಂಗ್ ಶಾಲೆಗೆ ಹೋಗಿ ಹೆಸರು ಹಚ್ಚಿ ಬಂದರು.

ಕಲಿತಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೆಳಗಿನಿಂದ ನನ್ನನ್ನು ಕೂಗಿದರು.

"ಎಮ್ಮೆಸ್ಸಿ ಬಾಯಿ, ಬಾ, ಬಾಜೂಕ ಕೂಡು. ಹೋದ್ರ ಇಬ್ಬರೂ ಕೂಡೇ ಹೋಗೂಣು."

"ನನ್ನ ಪರೀಕ್ಷಾ ಇನ್ನೂ ಅದಾವ್ರಿ ಮಾವಶಿ."

"ಹಂಗಾದ್ರ ಹಗೂರ ಹೊಡೀತೀನಿ, ಬಾ."

ಹಗುರವಾಗಿಯೇ ಹೊಡೆಯುತ್ತಿದ್ದರು. ಎಷ್ಟು ಹಗುರವೆಂದರೆ ತರಕಾರಿ ಗಾಡಿಯವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಹೊರಡುವ ಮುಂಚೆ ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವರ ಪೂಜೆಯಾಗಿರುತ್ತಿತ್ತು. ಹಣೆಯ ಮೇಲೆ ಹಳದಿ, ಬೆರಳ ತುದಿಯಲ್ಲೂ ಹಳದಿ. ಓಣಿಯಿಂದ ಹೊರಬಿದ್ದು, ವಿಮಾನ ನಿಲ್ದಾಣದ ಗೋಡೆಯ ಪಕ್ಕದ ರಸ್ತೆಗೆ ಬಂದು, ಒಂದು ಬೇವಿನ ಮರದ ಕೆಳಗೆ ಕಾರು ನಿಲ್ಲಿಸುತ್ತಿದ್ದರು. ತಮ್ಮ ಬದಿಯ ಗಾಜು ಏರಿಸುತ್ತಿದ್ದರು. ನಾನು ನನ್ನದನ್ನು ಏರಿಸುತ್ತಿದ್ದೆ.

"ಹಾಂ, ಈಗ ಹೇಳು" ಎನ್ನುತ್ತಿದ್ದರು.

ಇದು ಏಕೆ ದೊಡ್ಡ ವಿಷಯ ಎಂಬುದು ನಮ್ಮ ಕಟ್ಟಡದಲ್ಲಿ ಬದುಕಿದವರಿಗೆ ಗೊತ್ತು. ಅಲ್ಲಿ ಒಂದು ಮನೆಯ ಕುಕ್ಕರಿನ ಸೀಟಿಯನ್ನು ಅಕ್ಕಪಕ್ಕದವರು ಎಣಿಸುತ್ತಿದ್ದರು. ಫೋನಿನಲ್ಲಿ ದನಿ ತಗ್ಗಿಸಿದರೆ, ಯಾಕೆ ತಗ್ಗಿಸಿದಳು ಎಂಬ ಮಾತಾಗುತ್ತಿತ್ತು. ನಾನು ಮೊದಲಿನಿಂದಲೂ ಕಡಿಮೆ ಮಾತಿನವಳು. ಹೇಳಬೇಕೆನಿಸಿದ್ದನ್ನು ಒಳಗೇ ಮಡಿಸಿ ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಆ ಕಾರಿನೊಳಗೆ ಮಾತ್ರ ಅದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಕಾರಣ ಬಹುಶಃ ನಾವು ಕೂರುತ್ತಿದ್ದ ರೀತಿ. ಇಬ್ಬರೂ ಮುಂದೆ ನೋಡುತ್ತಿದ್ದೆವು. ನಾನು ಏನು ಹೇಳಿದರೂ ಮಾವಶಿ ನನ್ನ ಮುಖದ ಕಡೆ ತಿರುಗುತ್ತಿರಲಿಲ್ಲ. ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು, ಬೇವಿನ ಎಲೆ ಬೀಳುವುದನ್ನು ನೋಡುತ್ತ ಕೇಳುತ್ತಿದ್ದರು. ತಲೆಯ ಮೇಲೆ ವಿಮಾನ ಇಳಿಯುವಾಗ ನಾನು ಮಾತು ನಿಲ್ಲಿಸಿದರೆ, ಅದು ಹೋದ ಮೇಲೆ, "ಮುಂದ?" ಎನ್ನುತ್ತಿದ್ದರು. ಆಗ ನನ್ನ ಬದುಕಿನಲ್ಲಿ ಒಂದು ಸಂಗತಿ ನಡೆದಿತ್ತು. ಅದನ್ನು ಅವ್ವನಿಗೂ ಹೇಳಿರಲಿಲ್ಲ. ಅದೇನೆಂದು ಇಲ್ಲಿಯೂ ಬರೆಯುವುದಿಲ್ಲ. ಮಾವಶಿಗೆ ಗೊತ್ತಿತ್ತು, ಅಷ್ಟು ಸಾಕು. ಪೂರ್ತಿ ಕೇಳಿಸಿಕೊಂಡ ಮೇಲೆ ಅವರು ಬುದ್ಧಿ ಹೇಳಲಿಲ್ಲ. "ಹಸಿವ್ಯಾಗ್ಯಾದೇನು?" ಎಂದು ಕೇಳಿ, ದಾರಿಯಲ್ಲಿ ವಡಾಪಾವ್ ಕೊಡಿಸಿ ಮನೆಗೆ ಕರೆತಂದರು.

ನನ್ನ ಎರಡನೇ ವರ್ಷ ಮುಗಿಯುತ್ತ ಬಂದಾಗ ಅವರ ತಂಗಿ ಊರಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಕೆಗೂ ಗಂಡನಿರಲಿಲ್ಲ, ನೋಡಿಕೊಳ್ಳುವವರಿರಲಿಲ್ಲ. ಮಾವಶಿ ಒಂದೇ ದಿನದಲ್ಲಿ ತೀರ್ಮಾನ ಮಾಡಿದರು. ಮನೆ ಬಾಡಿಗೆಯದು, ಬಿಡುವುದು ಕಷ್ಟವಲ್ಲ. ಕಾರೊಂದು ಉಳಿಯಿತು. "ಊರಾಗ ಆ ಓಣಿಯೊಳಗ ಎಮ್ಮಿ ತಿರುಗೂದೇ ತ್ರಾಸ. ಇದನ್ನ ಒಯ್ದು ಎಲ್ಲಿ ಕಟ್ಟಲಿ?" ಎಂದರು. ಕಾರು ಹೋದ ಮರುದಿನ ತಾವೂ ಹೊರಡುವುದೆಂದು ನಮ್ಮ ಮನೆಗೆ ಬಂದು ಹೇಳಿದರು. ಅವ್ವ ಅತ್ತಳು. ನಾನು ಪುಸ್ತಕದ ಮೇಲಿನಿಂದ ತಲೆ ಎತ್ತಲಿಲ್ಲ.

ಹಡಪಸರದಿಂದ ಗಂಡ ಹೆಂಡತಿ ಕಾರು ನೋಡಲು ಬಂದರು. ಗಂಡ ಸುತ್ತಲೂ ತಿರುಗಿ ಟೈರಿಗೆ ಕಾಲಿನಿಂದ ಒದ್ದು ನೋಡುತ್ತಿದ್ದ. ಓಡಿಸುವವಳು ಹೆಂಡತಿ, ಆಕೆ ಚಾಲಕರ ಸೀಟಿನಲ್ಲಿ ಕೂತು ಎಲ್ಲ ಗುಂಡಿಗಳನ್ನೂ ಒತ್ತುತ್ತ ಬಂದಳು. ಬಲಗಡೆ ಗಾಜು ಸುರಳೀತವಾಗಿ ಕೆಳಗಿಳಿಯಿತು. ಮತ್ತೆ ಮೇಲೆ ಬರಲಿಲ್ಲ. ಮಳೆಗಾಲ ಬಾಗಿಲಲ್ಲಿತ್ತು.

"ಪಾವಸಾತ್ ಕಾಯ್ ಕರಾಯ್ಚಂ, ಮಾವಶೀ?" ಎಂದಳು ಆಕೆ. ಮಳೆಯಲ್ಲಿ ಏನು ಮಾಡಬೇಕು ಎಂದು.

"ಛತ್ರೀ ಧರಾಯ್ಚಿ" ಎಂದರು ಮಾವಶಿ. ಕೊಡೆ ಹಿಡಿಯುವುದು!

ಆಕೆ ನಕ್ಕಳು. ಆದರೆ ಹೋಗುವಾಗ, ಮುಂದಿನ ಭಾನುವಾರ ಬರುತ್ತೇವೆ, ಅಷ್ಟರೊಳಗೆ ಗಾಜು ಸರಿಯಾಗಿದ್ದರೆ ಒಯ್ಯುತ್ತೇವೆ, ಇಲ್ಲವಾದರೆ ಬೇರೆ ನೋಡುತ್ತೇವೆ ಎಂದು ಖಚಿತವಾಗಿ ಹೇಳಿ ಹೋದಳು. ಗ್ಯಾರೇಜಿನವನು ಬಂದು ಗುಂಡಿಯನ್ನು ಮೇಲಕ್ಕೆ ಎಳೆದು ನೋಡಿ, ಮೋಟರ್ ಹೋಗಿದೆ, ಇಷ್ಟು ಹಳೆಯ ಗಾಡಿಯ ಮೋಟರ್ ಎಲ್ಲಿಂದಲೋ ತರಿಸಬೇಕು, ತಡವಾಗುತ್ತದೆ ಎಂದ. ಊರಿನಿಂದ ತಂಗಿ ದಿನವೂ ಫೋನ್ ಮಾಡುತ್ತಿದ್ದರು. ಮಾವಶಿ ಹೂವಿನ ಚಿತ್ರದ ಹಳೆಯ ಟೇಬಲ್ ಪ್ಲಾಸ್ಟಿಕ್ಕನ್ನು ಆ ಕಿಟಕಿಗೆ ಕಟ್ಟಿ, ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೆ ಬಂದರು.

"ಎಮ್ಮೆಸ್ಸಿ ಬಾಯಿ ಅದಾಳೇನು?"

"ಆಕೀ ಕೈಯಾಗ ಕೊಡಬ್ಯಾಡ್ರಿ" ಎಂದಳು ಅವ್ವ. "ನಮ್ಮ ಮಿಕ್ಸರ್ ರಿಪೇರಿ ಮಾಡಾಕ ಹೋಗಿ ಮನಿಯೆಲ್ಲಾ ಕತ್ತಲಿ ಮಾಡಿದ್ಳು."

"ನಂದು ಮೊದಲೇ ಸತ್ತದ. ಇನ್ನೇನ ಕೊಲ್ತಾಳ? ಕಳಸು."

ಮೆಟ್ಟಿಲಿಳಿಯುವಾಗ ನನಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಗಾಜು ಏರದಿದ್ದರೆ ಹಡಪಸರದವರು ಕಾರು ಒಯ್ಯುವುದಿಲ್ಲ. ಕಾರು ಹೋಗದಿದ್ದರೆ ಮಾವಶಿ ಇನ್ನೂ ಕೆಲವು ದಿನ ಇರುತ್ತಾರೆ. ನನ್ನ ಕೈಯಲ್ಲಿ ಕಾಲೇಜಿನ ಮೀಟರ್, ಸ್ಕ್ರೂಡ್ರೈವರ್ ಇದ್ದವು; ಮನಸ್ಸಿನಲ್ಲಿ, ಇದು ಸರಿಹೋಗದಿರಲಿ ಎಂಬ ಆಸೆ ಇತ್ತು.

ಕೀಲಿ ತಿರುಗಿಸಿ ಇಳಿಸುವ ಕಡೆ ಒತ್ತಲು ಹೇಳಿದೆ. ಗಾಜು ಆಗಲೇ ಪೂರ್ತಿ ಕೆಳಗಿತ್ತು. "ಇಳದದ್ದನ್ನ ಎಲ್ಲಿಗೆ ಇಳಸಲಿ, ಪಾತಾಳಕ್ಕ?" ಎಂದರು.

"ಒತ್ತರಿ ಮಾವಶಿ. ಸಪ್ಪಳ ಬರ್ತದೇನು ನೋಡೂಣು."

ಬಾಗಿಲಿಗೆ ಕಿವಿ ಹಚ್ಚಿ ಕೂತೆ. ಒಳಗೆ ಒಂದು ಬಿಗಿದ ಸಣ್ಣ ಸದ್ದು ಬಂತು. ಅದೇ ಹೊತ್ತಿಗೆ ಚಾವಣಿಯ ದೀಪ ಸ್ವಲ್ಪ ಮಂಕಾಯಿತು. ಮೋಟರ್ ತಿರುಗಲು ಯತ್ನಿಸುತ್ತಿತ್ತು, ಹೋಗಲು ಜಾಗವಿರಲಿಲ್ಲ ಅಷ್ಟೇ. ಮೇಲಕ್ಕೆ ಎಳೆದಾಗ ಸದ್ದೂ ಇಲ್ಲ, ದೀಪವೂ ಕದಲಲಿಲ್ಲ. ಇಳಿಸುವ ಮೋಟರೇ ಏರಿಸುವ ಮೋಟರ್. ಒಂದು ದಿಕ್ಕಿಗೆ ಬದುಕಿದ್ದರೆ ಇನ್ನೊಂದು ದಿಕ್ಕಿಗೆ ಸತ್ತಿರುವುದಿಲ್ಲ. ಫ್ಯೂಸ್ ಕೂಡ ಸರಿ ಇದೆ. ಹಾಗಾದರೆ ತೊಂದರೆ ಇರುವುದು ಗುಂಡಿಯಲ್ಲಿ. ಇದನ್ನು ವಿವರಿಸಿದಾಗ ಮಾವಶಿ, "ನಮ್ಮ ವಾಚ್‌ಮನ್ ಇದ್ದಾಂಗ ಅನ್ನು. ಕೆಳಗ ಕಳಸಿದ್ರ ಹೋಗ್ತಾನ, ಮ್ಯಾಲ ಕರದ್ರ ಕೇಳ್ಸಾಂಗಿಲ್ಲ" ಎಂದರು.

ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಬಾಗಿಲಿನ ಕೈಯಾಸರೆಯಿಂದ ಗುಂಡಿಯ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿದೆ. ಪ್ಲಾಸ್ಟಿಕ್ ಒಂದು ಕಡೆ ಸ್ವಲ್ಪ ಸೀಳಿತು. ಹಿಂದಿನ ತಂತಿಗಳ ಜೋಡಣೆಯನ್ನು ಕಳಚಿ, ಗುಂಡಿ ಮಾಡಬೇಕಾದ ಕೆಲಸವನ್ನು ಎರಡು ತುಂಡು ತಂತಿಯಿಂದ ನಾನೇ ಮಾಡಿದೆ. ಮೊದಲ ಸಲ ತಪ್ಪು ಜಾಗಕ್ಕೆ ತಾಗಿಸಿ ಎಡಗಡೆ ಗಾಜು ಇಳಿಯಿತು. ಎರಡನೆಯ ಸಲ ಬಲಗಡೆ ಗಾಜು ಬಾಗಿಲಿನಿಂದ ತಲೆ ಎತ್ತಿ, ಒಂದೇ ಉಸಿರಿಗೆ ಮೇಲಕ್ಕೆ ಏರಿತು.

"ಏಳುಕೋಟಿಗೋ!" ಎಂದು ಮಾವಶಿ ಜೇಜುರಿಯ ಮೆಟ್ಟಿಲ ಮೇಲೆ ಕೂಗುವ ಹಾಗೆ ಕೂಗಿದರು. ಅಲ್ಲಿನ ಖಂಡೋಬಾ ಅವರಿಗೆ ಮೈಲಾರಲಿಂಗ, ಮನೆದೇವರು. ವರ್ಷಕ್ಕೊಮ್ಮೆ ಕಾಕಾನೊಡನೆ ಇದೇ ಕಾರಿನಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಕೂಗಿಗೆ ವಾಚ್‌ಮನ್ ಓಡಿ ಬಂದ. ಕರೆಯದಿದ್ದರೂ ಬಂದನಲ್ಲ ಎಂದು ನಾವಿಬ್ಬರೂ ಬಹಳ ನಕ್ಕೆವು.

ಗುಂಡಿಯನ್ನು ಅವರ ಮನೆಯೊಳಗೆ ಒಯ್ದು, ಸಣ್ಣ ಭಾಗಗಳು ಕಳೆಯದಿರಲೆಂದು ಸ್ಟೀಲ್ ತಾಟಿನಲ್ಲಿಟ್ಟು ಬಿಚ್ಚಿದೆ. ಒಳಗೆ ತುಕ್ಕು ಇರಬಹುದು, ಮಸಿ ಇರಬಹುದು ಎಂದುಕೊಂಡಿದ್ದೆ. ಹಳದಿ ಇತ್ತು. ಏರಿಸಲು ಬೆರಳಿಟ್ಟು ಎಳೆಯುವ ತುದಿಯ ಕೆಳಗೆ, ತಾಮ್ರದ ಎರಡು ಎಲೆಗಳು ಒಂದನ್ನೊಂದು ಮುಟ್ಟಬೇಕಾದ ಜಾಗದಲ್ಲಿ, ಎಣ್ಣೆ ಕುಡಿದು ಗಟ್ಟಿಯಾದ ಹಳದಿ ಪದರ. ಮೂಗಿನ ಹತ್ತಿರ ತಂದೆ. ಅರಿಸಿನ.

ಮಾವಶಿ ತಾಟನ್ನು ನೋಡಿದರು. ನಗು ನಿಂತಿತು.

"ಅದು ನಾ ಹಚ್ಚಿದ್ದು" ಎಂದರು.

ಭಾನುವಾರ ಮೈಲಾರಲಿಂಗನ ವಾರ. ಪ್ರತಿ ಭಾನುವಾರ ನಾನು ಕೆಳಗೆ ಬರುವ ಮುಂಚೆ, ಜೇಜುರಿಯಿಂದ ತಂದಿಟ್ಟಿದ್ದ ಭಂಡಾರದ ಅರಿಸಿನವನ್ನು ಎಣ್ಣೆಯಲ್ಲಿ ಕಲಸಿ ಅವರು ಆ ಗುಂಡಿಗೆ ಹಚ್ಚುತ್ತಿದ್ದರಂತೆ. ಎಲ್ಲರೂ ಗಾಡಿಯ ಪೂಜೆಯನ್ನು ಬಾನೆಟ್ಟಿಗೆ ಮಾಡುತ್ತಾರೆ, ಸ್ಟೇರಿಂಗಿಗೆ ಮಾಡುತ್ತಾರೆ. ಅದನ್ನೇ ಕೇಳಿದೆ.

"ಸ್ಟೇರಿಂಗ್ ಎಲ್ಲಾರೂ ಹಿಡ್ದಾರ" ಎಂದರು. "ಮೊದಲಿನ ಮಾಲಕ ಹಿಡ್ದಾನ, ಕಲಿಸಾವ ಹಿಡ್ದಾನ, ನಾ ಹಿಡ್ದೀನಿ. ಇದರ ಮ್ಯಾಲ ಅವರ ಬಟ್ಟು ಇರ್ತಿತ್ತು. ದಿನಾ, ಗೇಟಿನ ಮುಂದ…"

ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇರೂಮುಂದ ಒಂದಿನಾ ಅವರಿಗಿ ಹಿಂಗ ಉಪಚಾರ ಮಾಡ್ಲಿಲ್ಲ ನಾ. ಈಗ ಮಾಡ್ಲಾಕ ಹೋಗಿ ಬಾಯೇ ಕಟ್ಟೀನಿ ನೋಡು" ಎಂದರು.

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕೈಯಲ್ಲಿ ಹಿಡಿದಿದ್ದೆ. ಒರೆಸಲು ಕೈ ಮುಂದೆ ಹೋಗಲಿಲ್ಲ. ಒರೆಸಿದರೆ ಅವರು ಹಚ್ಚಿದ್ದು ಹೋಗುತ್ತದೆ. ಹೋದರೆ ಗಾಜು ಏರುತ್ತದೆ. ಏರಿದರೆ ಇವರೇ ಹೋಗುತ್ತಾರೆ. ಎಲ್ಲವೂ ಆ ಬೆರಳಗಲದ ಹಳದಿಯ ಮೇಲೆ ನಿಂತಿತ್ತು.

"ಯಾಕ ನಿಂತಿ? ಒರಸು."

"ಒರಸ್ಲೇನ್ರಿ?"

"ಆಕಿ ಅಲ್ಲಿ ಹಾಸಿಗಿ ಮ್ಯಾಲ ದಾರಿ ನೋಡ್ಲಾಕತ್ಯಾಳ. ಕೊಡು ಇಲ್ಲಿ."

ಹತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲು ತಾವೇ ಒರೆಸಿದರು. ನಿಧಾನವಾಗಿ, ಮಗುವಿನ ಕಣ್ಣು ಒರೆಸುವ ಹಾಗೆ. ಆಮೇಲೆ ನನಗೆ ಕೊಟ್ಟರು. ಉಳಿದದ್ದನ್ನು ನಾನು ಹಳೆಯ ಬ್ರಶ್ಶಿನಿಂದ ಉಜ್ಜಿ, ತಾಮ್ರ ಹೊಳೆಯುವವರೆಗೆ ಸ್ವಚ್ಛ ಮಾಡಿದೆ. ಹಳದಿಯಾದ ಹತ್ತಿಯನ್ನು ಅವರು ಕಸಕ್ಕೆ ಹಾಕಲಿಲ್ಲ. ತುಳಸಿಯ ಕುಂಡದಲ್ಲಿಟ್ಟು ಮಣ್ಣು ಮುಚ್ಚಿದರು.

ಭಾನುವಾರ ಹಡಪಸರದವರು ಬಂದರು. ಹೆಂಡತಿ ಗಾಜನ್ನು ಏರಿಸಿ ಇಳಿಸಿ, ಮತ್ತೆ ಏರಿಸಿ, ಮಾವಶಿಯ ಕಡೆ ನೋಡಿ ಹೆಬ್ಬೆರಳು ಎತ್ತಿದಳು. ಕಾಗದಪತ್ರಕ್ಕೂ ಚಹಾಕ್ಕೂ ಅಪ್ಪ ಅವರನ್ನು ನಮ್ಮ ಮನೆಗೆ ಕರೆದೊಯ್ದರು. ಮಾವಶಿ ಹೋಗಲಿಲ್ಲ. ಚಾಲಕರ ಸೀಟಿನಲ್ಲಿ ಕೂತು, ಪಕ್ಕದ ಬಾಗಿಲು ತೆರೆದರು.

"ಕೂಡು ಬಾ."

ಕೂತೆ. ಕಾರು ಕಟ್ಟಡದ ಕೆಳಗೇ ನಿಂತಿತ್ತು. ಮುಂದೆ ಬೇವಿನ ಮರವಿಲ್ಲ, ನೀರಿನ ಪಂಪು, ಯಾರದೋ ಸೈಕಲ್ಲು. ಮಾವಶಿ ತಮ್ಮ ಗಾಜು ಏರಿಸಿದರು. ನಾನು ನನ್ನದನ್ನು ಏರಿಸಿದೆ. ಹೊರಗಿನ ಸದ್ದು ಕಡಿಮೆಯಾಯಿತು.

"ಹಾಂ, ಈಗ ಹೇಳು."

ನನಗೆ ಮಾತು ಹೊರಡಲು ಸಾಮಾನ್ಯವಾಗಿ ಸಮಯ ಬೇಕು. ಅಂದು ಬೇಕಾಗಲಿಲ್ಲ.

"ಹೋಗಬ್ಯಾಡ್ರಿ ಮಾವಶಿ."

ಅವರು ಸೈಕಲ್ಲನ್ನೇ ನೋಡುತ್ತಿದ್ದರು. ಆಮೇಲೆ, ಮೊದಲ ಬಾರಿಗೆ, ಪೂರ್ತಿ ನನ್ನ ಕಡೆ ತಿರುಗಿದರು.

"ನಾ ಇಲ್ದಿದ್ರ ತಂಗೀದು ನಡ್ಯಾಂಗಿಲ್ಲ. ನಿಂದು ನಡೀತದ" ಎಂದರು. "ತ್ರಾಸ ಆಗ್ತದ. ಇಲ್ಲಂತ ಹೇಳಾಂಗಿಲ್ಲ ನಾ. ಆದ್ರ ನಡೀತದ."

ಅಷ್ಟು ಹೇಳಿ ನನ್ನ ಕೆನ್ನೆಯನ್ನು ಒಮ್ಮೆ ಒರಟಾಗಿ ತಟ್ಟಿದರು. ಮೆಟ್ಟಿಲ ಮೇಲೆ ಹಡಪಸರದವರ ಮಾತು ಕೇಳಿಸಿತು. ಮಾವಶಿ ಗಾಜು ಇಳಿಸಿ, "ಯಾ ಹೋ, ಝಾಲಂ ಆಮಚಂ" ಎಂದು ಕೂಗಿದರು. ಬನ್ನಿ, ನಮ್ಮದಾಯಿತು. ಕಾರು ಗೇಟು ದಾಟುವಾಗ ಅವರು ನೋಡಲಿಲ್ಲ, ಒಳಗೆ ಹೋಗಿ ಪಾತ್ರೆ ಕಟ್ಟತೊಡಗಿದರು. ನಾನು ನೋಡಿದೆ. ಹೊಸ ಒಡತಿ ತಿರುವಿನಲ್ಲಿ ಹಾರ್ನ್ ಹೊಡೆದಳು.

ಮರುದಿನ ಸ್ಟೇಷನ್ನಿನಲ್ಲಿ ಅವರನ್ನು ರೈಲು ಹತ್ತಿಸಿ ಬಂದೆವು. ಆಮೇಲೆ ಫೋನಿತ್ತು. ಆದರೆ ಆ ಕಡೆ ಯಾವಾಗಲೂ ಮಂದಿ ಇರುತ್ತಿದ್ದರು, ಈ ಕಡೆಯೂ ಇರುತ್ತಿದ್ದರು. ಊಟವಾಯಿತೇ, ಮಳೆಯಾಯಿತೇ, ಅವ್ವ ಹೇಗಿದ್ದಾಳೆ… ಕೆಲಸ ಸಿಕ್ಕ ಮೇಲೆ ಒಮ್ಮೆ ಅವರ ಊರಿಗೆ ಹೋಗಿದ್ದೆ. ತಂಗಿ ಕೋಲು ಹಿಡಿದು ಅಂಗಳದಲ್ಲಿ ಓಡಾಡುವಂತಾಗಿದ್ದರು. ನಾನು ಬಂದೆನೆಂದು ಓಣಿಯವರೆಲ್ಲ ಬಂದು ಕೂತರು. ಮಾವಶಿ ನನ್ನ ಮಣಿಕಟ್ಟು ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದರು. ಬಸ್ಸು ಬರುವವರೆಗೂ ಆ ಕೈ ಬಿಡಲಿಲ್ಲ. ಇಬ್ಬರಿಗೂ ಹೇಳುವುದಿತ್ತು, ಹೇಳುವ ಜಾಗವಿರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಜ್ವರ ಬಂದದ್ದನ್ನು ಯಾರಿಗೂ ಹೇಳಿರಲಿಲ್ಲವಂತೆ. ಅವ್ವ ಫೋನ್ ಮಾಡಿದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಹೊರಗೆ ಬಂದು ಕೇಳಿಸಿಕೊಂಡೆ, ಒಳಗೆ ಹೋಗಿ ಉಳಿದ ಮೀಟಿಂಗ್ ಮುಗಿಸಿದೆ. ಅಂದು ಸಂಜೆ ಊಟವನ್ನೂ ಮಾಡಿದೆ. ಅದರ ಮರುದಿನ ಕೆಲಸಕ್ಕೂ ಹೋದೆ.

ಹೀಗೆ ನಡೆಯುತ್ತಿದೆ. ಹೇಳಬೇಕಾದವು ಈಗಲೂ ಬರುತ್ತವೆ, ಮಡಿಸಿ ಇಟ್ಟುಕೊಳ್ಳುತ್ತೇನೆ, ದಿನ ಸಾಗುತ್ತದೆ. ಮಾವಶಿ ಲೆಕ್ಕ ತಪ್ಪಿರಲಿಲ್ಲ. 'ನಿಂದು ನಡೀತದ' ಎಂಬ ಅವರ ಆ ಒಂದು ಮಾತು ಮಾತ್ರ ಸುಳ್ಳಾಗಲಿ, ನಡೆಯುವುದಿಲ್ಲ ಎಂದು ಒಂದು ದಿನ ಅವರಿಗೆ ಫೋನ್ ಮಾಡಿ ಹೇಳುವಂತಾಗಲಿ ಎಂದು ನಾನು ಎಷ್ಟೋ ವರ್ಷ ಆಸೆಪಟ್ಟೆ. ಈಗ ಹೇಳಿದರೂ ಕೇಳುವವರಿಲ್ಲ. 'ಮುಂದ?' ಎನ್ನುವವರಿಲ್ಲ…